ಕಣ್ಣು ಮುಚ್ಚಿ ಕುಳಿತ ನಲವತ್ತು ನಿಮಿಷ

ಕನಕರಾಯನ ಬಳಿ ಇಪ್ಪತ್ತೇಳು ಪ್ರಮಾಣಪತ್ರಗಳಿದ್ದವು. ವ್ಯಕ್ತಿತ್ವ ವಿಕಸನಕ್ಕೆ ಆರು, ಸಂವಹನ ಕೌಶಲ್ಯಕ್ಕೆ ಐದು, ಸಂದರ್ಶನ ಎದುರಿಸುವುದಕ್ಕೆ ಏಳು. ಉಳಿದವು ಯಾತಕ್ಕೆ ಕೊಟ್ಟಿದ್ದೆಂದು ಅವನಿಗೂ ನೆನಪಿರಲಿಲ್ಲ. ಪದವಿಯ ಮೂರು ವರ್ಷ, ಎಂ.ಎ.ಯ ಎರಡು ವರ್ಷ, ಸಿಂಧನೂರಾಗಲಿ ಲಿಂಗಸುಗೂರಾಗಲಿ ಎಲ್ಲಿ ಕಾರ್ಯಾಗಾರ ನಡೆದರೂ ತುರ್ವಿಹಾಳದಿಂದ ಮೊದಲ ಬಸ್ಸಿಗೆ ಹೊರಟು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಬಲೂನು ಊದಿದ್ದ. ಹಳೆಯ ಪೇಪರಿನಿಂದ ಗೋಪುರ ಕಟ್ಟಿದ್ದ. ಪಕ್ಕದವನ ಕಣ್ಣಲ್ಲಿ ಕಣ್ಣಿಟ್ಟು ‘ನಾನು ಗೆಲ್ಲುತ್ತೇನೆ’ ಎಂದು ಹನ್ನೊಂದು ಸಲ ಹೇಳಿದ್ದ. ಪಕ್ಕದವನೂ ಅದನ್ನೇ ಹೇಳಿದ್ದರಿಂದ ಇಬ್ಬರಲ್ಲಿ ಗೆದ್ದವರು ಯಾರೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಆ ಪ್ರಮಾಣಪತ್ರಗಳಿಂದ ಯಾರಾದರೂ ಉದ್ಧಾರವಾಗಿದ್ದರೆ ಅದು ಸಿಂಧನೂರಿನ ಲ್ಯಾಮಿನೇಷನ್ ಅಂಗಡಿಯ ಬಾಬುಸಾಬ್ ಒಬ್ಬನೇ.

ಮೂವತ್ತೊಂದನೆಯ ವಯಸ್ಸಿನಲ್ಲಿ ಕನಕರಾಯ ಆ ಫೈಲನ್ನು ಎದೆಗವಚಿಕೊಂಡು ಸಿಂಧನೂರಿನ ಒಂದು ಟ್ರ್ಯಾಕ್ಟರ್ ಷೋರೂಮಿಗೆ ಹೋದ. ಅಲ್ಲಿನ ಮ್ಯಾನೇಜರ್ ಒಂದೊಂದೇ ಹಾಳೆ ತಿರುವಿದ. ಲ್ಯಾಮಿನೇಷನ್ ಮಾಡಿಸಿದ್ದರಿಂದ ಹಾಳೆಗಳು ಚೆನ್ನಾಗಿ ಸಪ್ಪಳ ಮಾಡಿದವು.

“ಇವೆಲ್ಲಾ ನಿನ್ನವೇ ಏನು?”

“ಹೌದ್ರಿ ಸರ.”

“ಟ್ರ್ಯಾಕ್ಟರ್ ಹೊಡಿಯಾಕ ಬರತೈತೇನು?”

“ಇಲ್ರಿ. ಕಲೀತೀನ್ರಿ.”

“ಕಂಪ್ಯೂಟರಿನ್ಯಾಗ ಬಿಲ್ ಮಾಡಾಕ?”

“ಅದೂ ಇಲ್ರಿ.”

ಮ್ಯಾನೇಜರ್ ಫೈಲು ಮುಚ್ಚಿ ಅವನ ಕಡೆ ಸರಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು. “ಮತ್ತ ನಿನಗ ಏನ್ ಬರತೈತಿ, ತಮ್ಮಾ?”

ಊರಿಗೆ ಮರಳುವ ಬಸ್ಸಿನಲ್ಲಿ ಕನಕರಾಯ ಆ ಪ್ರಶ್ನೆಯನ್ನು ಬಿಡದೆ ಯೋಚಿಸಿದ. ಕಾಲುವೆಯ ಎರಡೂ ಬದಿ ಭತ್ತದ ನಾಟಿ ನಡೆದಿತ್ತು. ಅದು ಅವನಿಗೆ ಬರುತ್ತಿರಲಿಲ್ಲ. ಬಸ್ಸು ಊರು ಮುಟ್ಟುವ ಹೊತ್ತಿಗೆ ಉತ್ತರ ಸಿಕ್ಕಿತು. ಇಪ್ಪತ್ತೇಳು ಕಾರ್ಯಾಗಾರಗಳು ಅವನಿಗೆ ಒಂದೇ ಒಂದು ವಿದ್ಯೆಯನ್ನು ಸಂಪೂರ್ಣವಾಗಿ ಕಲಿಸಿದ್ದವು: ಕಾರ್ಯಾಗಾರ ನಡೆಸುವುದು.

ಅದರ ಹಿಂದೆಯೇ ಎರಡನೆಯ ಯೋಚನೆ ಬಂತು. ಪ್ರತಿಯೊಂದು ಕಾರ್ಯಾಗಾರದಲ್ಲೂ ತರಬೇತುದಾರ ಮೊದಲು ‘ಫೋನು ಬಂದ್ ಮಾಡಿ ಇಲ್ಲಿ ಕೊಡಿ’ ಎನ್ನುತ್ತಾನೆ, ಕೊನೆಗೆ ‘ಕಣ್ಣು ಮುಚ್ಚಿ’ ಎನ್ನುತ್ತಾನೆ. ಎಲ್ಲರೂ ಎರಡನ್ನೂ ಮಾಡುತ್ತಾರೆ. ತಂದೆತಾಯಿಯ ಮಾತು ಕೇಳದವರೂ ಮಾಡುತ್ತಾರೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು? ಮನೆಯವರೇ ಬಾಗಿಲು ತೆರೆದು, ಹಾರ ಹಾಕಿ, ಒಡವೆ ಕೈಗಿಟ್ಟು, ಕಣ್ಣು ಮುಚ್ಚಿ ಕೂರುತ್ತಾರೆ. ಆದರೆ ಕಳ್ಳ ಎಂಬ ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ. ಐದು ವರ್ಷದ ಉತ್ಸಾಹ ಅವನಿಂದ ಹೋಗಿತ್ತು. ಇದು ವಸೂಲಿ.

ತಯಾರಿಗೆ ಎರಡು ತಿಂಗಳು ಹಿಡಿಯಿತು. ಸಿಂಧನೂರಿನ ಕಾಲೇಜುಗಳಲ್ಲಿ ಅವನ ಮುಖ ಪರಿಚಿತ. ಲಿಂಗಸುಗೂರಿನಲ್ಲಿ ಇಬ್ಬರು ಸಹಪಾಠಿಗಳು ಅತಿಥಿ ಉಪನ್ಯಾಸಕರಾಗಿದ್ದರು. ಮಸ್ಕಿಯಲ್ಲಿ ಯಾರೂ ಇರಲಿಲ್ಲ. ಅಲ್ಲಿನ ಒಂದು ಹೊಸ ಖಾಸಗಿ ಕಾಲೇಜಿಗೆ ‘ಡಾ. ಶಿವಪ್ರಸಾದ್, ಬೆಂಗಳೂರು’ ಎಂಬ ಹೆಸರಿನಲ್ಲಿ ಪತ್ರ ಬರೆದ. ಉಚಿತ ಕಾರ್ಯಾಗಾರ, ಗ್ರಾಮೀಣ ಯುವಜನರ ಮೇಲಿನ ಪ್ರೀತಿಯಿಂದ. ಪ್ರಾಂಶುಪಾಲ ಹುಸೇನಪ್ಪನವರು ಮರುದಿನವೇ ಫೋನು ಮಾಡಿದರು. ಅವರಿಗೆ ಒಂದೇ ಒಂದು ಅನುಮಾನವಿತ್ತು.

“ಸರ್, ಫೋಟೋ ತಗೊಳಾಕ ಅಡ್ಡಿ ಇಲ್ಲ ಹೌದಿಲ್ರಿ? ಫೈಲಿಗೆ ಹಚ್ಚಬೇಕಾಗತೈತಿ.”

“ಎಷ್ಟು ಬೇಕಾದರೂ ತೆಗೆಯಿರಿ, ಸರ್,” ಎಂದ ಕನಕರಾಯ ಬೆಂಗಳೂರಿನ ಕನ್ನಡದಲ್ಲಿ. ಅವನ ಚಿತ್ರ ಯಾವ ಯಾವ ಫೋನಿನಲ್ಲಿ ಇರುತ್ತದೋ ಆ ಎಲ್ಲ ಫೋನುಗಳೂ ಅವನ ಜೊತೆಗೇ ಬರಲಿದ್ದವು.

ಮೊದಲೇ ಒಂದು ದಿನ ಹೋಗಿ ಸಭಾಂಗಣ ನೋಡಿ ಬಂದ. ಕ್ಯಾಮೆರಾ ಇತ್ತು, ಅದಕ್ಕೆ ತಂತಿ ಇರಲಿಲ್ಲ. ಆಫೀಸಿನ ಲ್ಯಾಂಡ್‌ಲೈನ್ ಸತ್ತು ಎಷ್ಟೋ ಕಾಲವಾಗಿತ್ತು. ವೇದಿಕೆಯ ಹಿಂದಿನ ಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಹಿತ್ತಲಲ್ಲಿ ಯಾರೂ ಬಳಸದ ಶೌಚಾಲಯ. ಅದರ ಹಿಂದಿನ ಕಾಂಪೌಂಡಿನಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ. ಆ ಕಿಂಡಿ ನೋಡಿ ಕನಕರಾಯನಿಗೆ ಸಮಾಧಾನವಾಯಿತು. ವಿದ್ಯಾರ್ಥಿಗಳು ಯಾರ ತರಬೇತಿಯೂ ಇಲ್ಲದೆ, ಸ್ವಂತ ನಾಯಕತ್ವದಿಂದ ಮಾಡಿದ ಕೆಲಸ ಅದೊಂದೇ ಇರಬೇಕು.

ಉಳಿದದ್ದು ವೇಷ. ಕೋಟು, ಟೈ, ನಂಬರಿಲ್ಲದ ಕನ್ನಡಕ ಹಾಕಿದರೆ ಡಾ. ಶಿವಪ್ರಸಾದ್, ಅವನ್ನು ತೆಗೆದು ಲುಂಗಿ ಉಟ್ಟು ತಲೆಗೆ ಟವೆಲು ಸುತ್ತಿದರೆ ಅಕ್ಕಿ ಚೀಲ ಹೊತ್ತ ರೈತ. ಟೈ ಕಳಚಿದ ಮನುಷ್ಯನನ್ನು ಈ ಜಿಲ್ಲೆಯಲ್ಲಿ ಯಾರೂ ಎರಡನೆಯ ಸಲ ನೋಡುವುದಿಲ್ಲ. ಇಪ್ಪತ್ತೈದು ಕಿಲೋದ ಒಂದು ಖಾಲಿ ಅಕ್ಕಿ ಚೀಲವನ್ನು ಮಡಚಿ, ಮೇಲೆ ಸುರಿಯಲು ಐದು ಕಿಲೋ ಸೋನಾ ಮಸೂರಿಯನ್ನು ತರಬೇತಿಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡ. ನೂರು ಚಿಲ್ಲರೆ ಫೋನಿನ ತೂಕ ಹೆಚ್ಚುಕಡಿಮೆ ಇಪ್ಪತ್ತು ಕಿಲೋ. ಲೆಕ್ಕ ಎಷ್ಟು ಸರಿಹೋಯಿತೆಂದರೆ, ಇದು ಆಗಲಿ ಎಂದು ದೇವರಿಗೂ ಮನಸ್ಸಿದೆ ಎಂದು ಅವನಿಗೆ ಅನ್ನಿಸಿತು.

ಕಾರ್ಯಾಗಾರದ ದಿನ ಹುಸೇನಪ್ಪನವರು ಹೂವಿನ ಹಾರ ಹಾಕಿದರು, ಶಾಲು ಹೊದಿಸಿದರು, ‘ಇವರು ನಮ್ಮ ಭಾಗದವರಲ್ಲದಿದ್ದರೂ ನಮ್ಮವರು’ ಎಂದರು. ನೂರ ಹನ್ನೆರಡು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಕನಕರಾಯ ಬಲೂನು ಊದಿಸಿದ, ಗೋಪುರ ಕಟ್ಟಿಸಿದ, ಸಮಯಪಾಲನೆಯ ಮಹತ್ವ ಹೇಳಿದ. ಅವನು ನಿರೀಕ್ಷಿಸದೇ ಇದ್ದದ್ದೊಂದು ನಡೆಯಿತು: ಕಾರ್ಯಾಗಾರ ಚೆನ್ನಾಗಿ ಆಗುತ್ತಿತ್ತು. ನಗಬೇಕಾದಲ್ಲಿ ನಕ್ಕರು. ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದರು. ಟ್ರ್ಯಾಕ್ಟರ್ ಷೋರೂಮಿನ ಮ್ಯಾನೇಜರ್ ಇಲ್ಲಿ ಇರಬೇಕಿತ್ತು ಎಂದುಕೊಂಡ.

ಪ್ರಶ್ನೆ ಕೇಳಿ ಎಂದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದಳು. ಬಳಗಾನೂರಿನ ಲಕ್ಷ್ಮಿದೇವಿ, ಬಿ.ಕಾಂ. ಕೊನೆಯ ವರ್ಷ. ತಾಯಿ ಗದ್ದೆ ಕೂಲಿಗೆ ಹೋಗುತ್ತಾಳೆಂದು ಬೆಳಿಗ್ಗೆ ಪರಿಚಯ ಹೇಳುವಾಗ ತಾನೇ ಹೇಳಿದ್ದಳು. ಬೆಳಿಗ್ಗೆಯಿಂದ ಅವನ ಪ್ರತಿ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

“ಸರ, ಇಂಥಾವು ಮೂರು ಮಾಡೀನ್ರಿ. ಇದು ನಾಕನೇದು. ಇದು ಮುಗಿದ ಮ್ಯಾಲ ನೌಕರಿ ಸಿಗತೈತೇನ್ರಿ?”

ಸಭೆಯಲ್ಲಿ ಯಾರೋ ನಕ್ಕರು. ಕನಕರಾಯ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಇದೇ ಪ್ರಶ್ನೆಯನ್ನು ಅವನೂ ಒಮ್ಮೆ ಎದ್ದು ನಿಂತು ಕೇಳಿದ್ದ; ಆಗ ಬಂದಿದ್ದ ಉತ್ತರವೂ ನೆನಪಿತ್ತು. ಇವಳಿಗೆ ನಿಜ ಹೇಳಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಇಪ್ಪತ್ತೇಳು ಮಾಡಿದವನೊಬ್ಬನನ್ನು ನಾನು ಬಲ್ಲೆ, ಅವನು ಈಗ ಏನು ಮಾಡುತ್ತಿದ್ದಾನೆ ಗೊತ್ತೇನಮ್ಮ ಎಂದು.

“ಖಂಡಿತ ಸಿಗುತ್ತಮ್ಮ. ನಿಮ್ಮ ಮೇಲೆ ನಿಮಗೆ ನಂಬಿಕೆ ಇರಬೇಕು ಅಷ್ಟೆ,” ಎಂದ. ಲಕ್ಷ್ಮಿದೇವಿ ಅದನ್ನೂ ಬರೆದುಕೊಂಡಳು.

ಹನ್ನೊಂದೂವರೆಗೆ ಫೋನಿನ ಸಮಾರಂಭ. ಫೋನು ಯುವಜನರ ಬೇಡಿ, ಒಂದು ಗಂಟೆಯಾದರೂ ಅದನ್ನು ಕಳಚಬೇಕು ಎಂದು ಅವನು ಹತ್ತು ನಿಮಿಷ ಮಾತಾಡಿದ. ಎಲ್ಲರೂ ಫೋನನ್ನು ಪೂರ್ತಿ ಬಂದ್ ಮಾಡಿ, ಕಪ್ಪಾದ ಪರದೆಯನ್ನು ಎತ್ತಿ ತೋರಿಸಿ ಪ್ರತಿಜ್ಞೆ ಮಾಡಿದರು. ಬಂದ್ ಆದ ಫೋನಿಗೆ ಕರೆ ಬರುವುದಿಲ್ಲ, ಅದು ಎಲ್ಲಿದೆಯೆಂದೂ ಹೇಳುವುದಿಲ್ಲ. ಇದನ್ನು ಅವನು ಓದಿ ಖಚಿತ ಮಾಡಿಕೊಂಡಿದ್ದ. ಮೊದಲು ಹುಸೇನಪ್ಪನವರು ಮಾದರಿಯಾಗಲಿ ಎಂದು ತಮ್ಮದನ್ನು ಅವನು ತಂದಿದ್ದ ಬಟ್ಟೆ ಚೀಲಗಳಲ್ಲೊಂದಕ್ಕೆ ಹಾಕಿದರು. ಅವರನ್ನು ನೋಡಿ ಉಪನ್ಯಾಸಕರೆಲ್ಲ, ಅವರ ಹಿಂದೆ ವಿದ್ಯಾರ್ಥಿಗಳು ಹಾಕಿದರು. ಇಡೀ ಕಾಲೇಜಿನಲ್ಲಿ ಪೊಲೀಸರಿಗೆ ಫೋನು ಮಾಡಬಲ್ಲ ಒಂದು ಪ್ರಾಣಿಯೂ ಉಳಿಯಲಿಲ್ಲ.

ಲಕ್ಷ್ಮಿದೇವಿ ಮಾತ್ರ ಕೈ ಮುಚ್ಚಿ ನಿಂತಿದ್ದಳು. “ನಂದು ಸಣ್ಣ ಫೋನ್ ಐತ್ರಿ ಸರ. ಗುಂಡಿ ಒತ್ತೋದು. ಇರಲಿ ಬಿಡ್ರಿ.”

ಹಿಂದಿನ ಸಾಲಿನವರು ಕಿಸಕ್ಕೆಂದರು. ಕದ್ದ ಫೋನು ಕೊಳ್ಳಲು ಒಪ್ಪಿದ್ದ ಹುಬ್ಬಳ್ಳಿಯ ಗಿರಾಕಿ ಅಂಥದನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ ಎಂಬುದು ಕನಕರಾಯನಿಗೆ ಗೊತ್ತಿತ್ತು, ಇರಲಿ ಎನ್ನಬಹುದಿತ್ತು. ಆದರೆ ಕೈಯಲ್ಲಿ ಮೈಕಿತ್ತು. “ಫೋನಿನಲ್ಲಿ ಸಣ್ಣದು ದೊಡ್ಡದು ಇಲ್ಲ. ಕನಸಿನಲ್ಲೂ ಇಲ್ಲ,” ಎಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಕೆಂಪು ಗುಂಡಿಯನ್ನು ತಾನೇ ಒತ್ತಿ ಹಿಡಿದು, ಪರದೆ ಆರಿದ ಮೇಲೆ ಚೀಲಕ್ಕೆ ಹಾಕಿದ. ಆ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಹುಸೇನಪ್ಪನವರು ಕಣ್ಣೊರೆಸಿಕೊಂಡರು.

ಹನ್ನೆರಡಕ್ಕೆ ಪೆನ್‌ಡ್ರೈವನ್ನು ಸ್ಪೀಕರಿಗೆ ಸಿಕ್ಕಿಸಿದ. ಮೊದಲು ಕೊಳಲು, ಆಮೇಲೆ ಅವನದೇ ದನಿ, ಎರಡು ತಿಂಗಳ ಕೆಳಗೆ ಮನೆಯಲ್ಲಿ ಹೊದಿಕೆ ಹೊದ್ದು ರೆಕಾರ್ಡು ಮಾಡಿದ್ದು: ಕಣ್ಣು ಮುಚ್ಚಿ. ಐದು ವರ್ಷದ ನಂತರ ನೀವು ಎಲ್ಲಿದ್ದೀರಿ, ನೋಡಿ. ಏನೇ ಸಪ್ಪಳವಾದರೂ ಕಣ್ಣು ತೆರೆಯಬೇಡಿ. ತೆರೆದವರ ಕನಸು ಅರ್ಧಕ್ಕೆ ನಿಲ್ಲುತ್ತದೆ. ಒಟ್ಟು ನಲವತ್ತು ನಿಮಿಷ. ಮೂರನೆಯ ನಿಮಿಷಕ್ಕೆ ಹುಸೇನಪ್ಪನವರು ಸಣ್ಣಗೆ ಗೊರಕೆ ಶುರು ಮಾಡಿದರು. ದನಿ ವೇದಿಕೆಯ ಮೇಲೆಯೇ ಉಳಿಯಿತು. ದನಿಯ ಒಡೆಯ ಪೆಟ್ಟಿಗೆ, ಚೀಲಗಳ ಸಮೇತ ಹಿಂಬಾಗಿಲಿನಿಂದ ಇಳಿದ.

ಶೌಚಾಲಯದಲ್ಲಿ ಫೋನುಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅಕ್ಕಿ ಚೀಲಕ್ಕೆ ತುಂಬಿದ, ಮೇಲೆ ಅಕ್ಕಿ ಸುರಿದ, ಬಾಯಿ ಹೊಲಿದ. ಕೋಟು, ಟೈ, ಶಾಲು, ಹಾರ ಎಲ್ಲವೂ ಪೆಟ್ಟಿಗೆಯೊಂದಿಗೆ ಅಲ್ಲೇ ಉಳಿದವು. ಹಾರ ಬಿಡುವಾಗ ಸ್ವಲ್ಪ ಬೇಜಾರಾಯಿತು. ಅದು ಅವನಿಗೆ ಬಿದ್ದ ಮೊದಲ ಹಾರ. ಕಿಂಡಿಯಿಂದ ನುಸುಳಿ ರಸ್ತೆಗೆ ಬಂದಾಗ ಲಿಂಗಸುಗೂರಿನ ಬಸ್ಸು ಅವನಿಗಾಗಿಯೇ ಎಂಬಂತೆ ನಿಂತಿತ್ತು.

“ಚೀಲಕ್ಕೂ ಟಿಕೇಟ್ ಆಗತೈತಿ,” ಎಂದ ಕಂಡಕ್ಟರ್.

“ತಗೋರಿ ಅಣ್ಣಾ,” ಎಂದು ಕನಕರಾಯ ಕೊಟ್ಟ. ಪ್ರಾಮಾಣಿಕನಿಗೆ ಬಸ್ಸಿನಲ್ಲಿ ತೊಂದರೆಯಾಗುವುದಿಲ್ಲ.

ಕಿಟಕಿಯ ಗಾಳಿಗೆ ಮುಖವೊಡ್ಡಿ ಅವನು ಹಿಂದಿನದನ್ನೆಲ್ಲ ಇನ್ನೊಮ್ಮೆ ಪರಿಶೀಲಿಸಿದ. ಹನ್ನೆರಡೂ ನಲವತ್ತಕ್ಕೆ ಕಣ್ಣು ತೆರೆಯುತ್ತಾರೆ. ಹತ್ತು ನಿಮಿಷ, ‘ಸರ್ ಹೊರಗೆ ಹೋಗಿರಬೇಕು’ ಎಂದು ಕಾಯುತ್ತಾರೆ. ಆ ಶಿಸ್ತನ್ನು ಅವನೇ ಕಲಿಸಿ ಬಂದಿದ್ದ. ಆಮೇಲೆ ಯಾರೋ ಠಾಣೆಗೆ ಓಡುತ್ತಾರೆ. ಠಾಣೆಯವರು ಸಿಂಧನೂರಿಗೂ ಲಿಂಗಸುಗೂರಿಗೂ ತಿಳಿಸುತ್ತಾರೆ: ಕೋಟು ಹಾಕಿದವನು, ಕನ್ನಡಕದವನು, ಬೆಂಗಳೂರಿನವನು. ಹುಡುಕಲಿ. ಅಂಥವನು ಸಿಕ್ಕರೆ ತಾನೂ ನೋಡಬೇಕೆಂದಿದ್ದ.

ಎಲ್ಲವೂ ಹಾಗೆಯೇ ನಡೆಯಿತು. ಒಂದೂ ಹತ್ತಕ್ಕೆ ಬಸ್ಸು ಲಿಂಗಸುಗೂರು ನಿಲ್ದಾಣ ಸೇರಿದಾಗ ಇಳಿಯುವ ಬಾಗಿಲ ಬಳಿ ಇಬ್ಬರು ಪೊಲೀಸರು ನಿಂತಿದ್ದರು. ಪ್ಯಾಂಟು ಹಾಕಿದವರನ್ನೆಲ್ಲ ಬದಿಗೆ ಕರೆದು ಬ್ಯಾಗು ತೆರೆಸುತ್ತಿದ್ದರು. ಕನಕರಾಯನ ಸರದಿ ಬಂತು.

“ಚೀಲದಾಗ ಏನೈತಿ?” ಎಂದ ವಯಸ್ಸಾದ ಪೇದೆ.

“ಅಕ್ಕಿ ರೀ ಸಾಹೇಬ್ರ. ಅಕ್ಕನ ಮನೀಗೆ ಒಯ್ಯಾಕತ್ತೀನಿ.”

ಪೇದೆ ಚೀಲದ ಬಾಯಿಯ ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ ನಾಲ್ಕು ಕಾಳು ತೆಗೆದ, ಬಾಯಿಗೆ ಹಾಕಿ ಕಡಿದ. “ಹಳೇ ಅಕ್ಕಿ. ಚಲೋ ಐತಿ,” ಎಂದು ತಲೆಯಾಡಿಸಿದ. “ಹೋಗು. ಮಸ್ಕಿ ಕಡಿಂದ ಯಾರರ ಕೋಟ್ ಹಾಕ್ಕೊಂಡಾವ ಬಸ್ಸಿನ್ಯಾಗ ಇದ್ದನೇನು?”

“ಕೋಟ್ ಹಾಕ್ಕೊಂಡಾವ್ರು ನಮ್ಮ ಬಸ್ಸಿನ್ಯಾಗ ಯಾಕ ಬರತಾರ್ರಿ,” ಎಂದ ಕನಕರಾಯ. ಪೇದೆ ನಕ್ಕ. ಕನಕರಾಯನೂ ನಕ್ಕ. ಹುಬ್ಬಳ್ಳಿ ಬಸ್ಸು ಎದುರಿಗೇ ನಿಂತಿತ್ತು.

ಎಂಟು ಹೆಜ್ಜೆ ಹಾಕಿರಬೇಕು, ಅವನ ಬೆನ್ನ ಮೇಲಿನ ಚೀಲದಲ್ಲಿ ಕೋಳಿ ಕೂಗಿತು. ಗಟ್ಟಿಯಾಗಿ, ನೀಳವಾಗಿ, ನಿಲ್ದಾಣದ ಇನ್ನೊಂದು ತುದಿಯವರೂ ತಿರುಗಿ ನೋಡುವಂತೆ. ಕೂಗಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿತು. ದುಬಾರಿ ಫೋನುಗಳೆಲ್ಲ ಪ್ರತಿಜ್ಞೆಗೆ ಬದ್ಧವಾಗಿ ಸತ್ತಂತೆ ಬಿದ್ದಿದ್ದವು. ಅವುಗಳ ಬಗ್ಗೆ ಅವನು ಓದಬೇಕಾದದ್ದನ್ನೆಲ್ಲ ಓದಿದ್ದ. ಗುಂಡಿ ಒತ್ತುವ ಫೋನಿನ ಬಗ್ಗೆ ಓದುವಂಥದ್ದೇನಿದೆ ಎಂದು ಬಿಟ್ಟಿದ್ದ. ಅಂಥ ಕೆಲವು ಫೋನು ಬಂದ್ ಆಗಿದ್ದರೂ ಅಲಾರಾಂ ಹೊತ್ತಿಗೆ ತಾವಾಗಿಯೇ ಎಚ್ಚರಾಗುತ್ತವೆ, ಗುಂಡಿ ಒತ್ತುವ ತನಕ ಸುಮ್ಮನಾಗುವುದಿಲ್ಲ. ಬಳಗಾನೂರಿನ ಬಸ್ಸು ಮಸ್ಕಿಯಿಂದ ಒಂದೂವರೆಗೆ ಬಿಡುತ್ತದೆ. ಅದು ತಪ್ಪಿದರೆ ಸಂಜೆಯ ತನಕ ಬೇರೆ ಇಲ್ಲ. ಹಾಗಾಗಿ ಲಕ್ಷ್ಮಿದೇವಿ ದಿನಾಲೂ ಒಂದೂ ಕಾಲಿಗೆ ಅಲಾರಾಂ ಇಟ್ಟುಕೊಂಡಿದ್ದಳು. “ಏ, ನಿಲ್ಲಲೇ,” ಎಂದ ಪೇದೆ, ಇನ್ನೂ ಅಕ್ಕಿ ಅಗಿಯುತ್ತ, “ಅಕ್ಕನ ಮನಿಗೆ ಕೋಳೀನೂ ಒಯ್ಯಾಕತ್ತೀಯೇನು?” ಇಪ್ಪತ್ತೇಳು ಕಾರ್ಯಾಗಾರಗಳಲ್ಲಿ ಕೇಳಿ, ಇಪ್ಪತ್ತೆಂಟನೆಯದರಲ್ಲಿ ತಾನೇ ನಿಂತು ಹೇಳಿದ ಸಮಯಪಾಲನೆಯನ್ನು ಆ ಸಭೆಯಲ್ಲಿ ಒಬ್ಬಳಾದರೂ ನಿಜಕ್ಕೂ ಪಾಲಿಸುತ್ತಿರಬಹುದು ಎಂಬುದು ಕನಕರಾಯನಿಗೆ ಒಮ್ಮೆಯೂ ಹೊಳೆದಿರಲಿಲ್ಲ.