ತೊಳೆದಿಟ್ಟ ತೊಟ್ಟಿ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ದೂರು ಕೇಳಿ ಮೊದಲು ನಕ್ಕವನು ಎಲ್ಲರೂ ‘ಮೀಸೆ’ ಎಂದು ಕರೆಯುವ ಕಾನ್‌ಸ್ಟೇಬಲ್. ಕಡಲಾಮೆಗಳ ಚಿಕಿತ್ಸಾ ಕೇಂದ್ರದಿಂದ ರೋಗಿಯೇ ಕಳವಾಗಿತ್ತು.

“ಆಮೆ ತಾನೆ ಸರ್? ನಡ್ಕೊಂಡೇ ಹೋಗಿ ಹಿಡೀಬಹುದು.”

ದೂರು ತಂದಿದ್ದ ಕೇಂದ್ರದ ಡಾಕ್ಟರಮ್ಮ ನಗಲಿಲ್ಲ. “ದೋಣಿಯ ಪ್ರೊಪೆಲ್ಲರ್ ಬಡಿದು ಚಿಪ್ಪು ಸೀಳಿದೆ. ಸಂಜೆಯೊಳಗೆ ಇಂಜೆಕ್ಷನ್ ಕೊಡದಿದ್ರೆ ನಂಜೇರಿ ಸಾಯುತ್ತೆ.”

ಮೀಸೆಯ ನಗು ಮೀಸೆಯೊಳಗೇ ಅಡಗಿತು. ಇನ್ಸ್‌ಪೆಕ್ಟರ್ ಮಾತ್ರ ಆಗಲೇ ಟೋಪಿ ಹಾಕಿಕೊಂಡಿದ್ದರು. ಕುತೂಹಲ ಅವರಿಗೆ ಹುಟ್ಟಿನಿಂದ ಅಂಟಿದ ಕಾಯಿಲೆ. ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಕೇಂದ್ರದ ಗೇಟಿನ ಬೀಗ ಮುರಿದಿರಲಿಲ್ಲ. ಒಳಗೆ ಸಾಲಾಗಿ ನೀಲಿ ತೊಟ್ಟಿಗಳು. ಒಂದು ಆಮೆ ತಲೆಯೆತ್ತಿ ಪೊಲೀಸರನ್ನು ನೋಡಿ, ನಿಮ್ಮಿಂದ ಏನಾದೀತು ಎಂಬಂತೆ ಮತ್ತೆ ಮುಳುಗಿತು. ಕೊನೆಯ ತೊಟ್ಟಿಯಲ್ಲಿ ಒಂದು ಹನಿ ನೀರೂ ಇರಲಿಲ್ಲ. ಉಜ್ಜಿ ತೊಳೆದು ಒಣಗಲು ಬಿಟ್ಟಿದ್ದರು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮೀಸೆ ಪಂಚನಾಮೆ ಬರೆಯತೊಡಗಿದ.

“ಇದನ್ನ ತೊಳೆದಿದ್ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ನಾನಲ್ಲ ಸರ್,” ಎಂದಳು ಸ್ವಚ್ಛತೆಯ ಕೆಲಸದ ಹೆಂಗಸು. “ನಾನು ಬಂದಾಗ್ಲೇ ಹೀಗಿತ್ತು.”

“ಡಾಕ್ಟರೇ, ಹೀಗೆ ಯಾವಾಗ ತೊಳೀತೀರಿ?”

“ಆಮೆ ಸಮುದ್ರಕ್ಕೆ ಹೋದ್ರೂ ಸರಿ, ಸತ್ರೂ ಸರಿ, ತೊಟ್ಟಿ ಖಾಲಿಯಾದ ತಕ್ಷಣ ತೊಳೀಲೇಬೇಕು. ಒಂದರ ಸೋಂಕು ಇನ್ನೊಂದಕ್ಕೆ ತಗಲಬಾರದಲ್ಲ. ನಮಗೆಲ್ಲ ಕೈ ತಾನಾಗೇ ಹೋಗುತ್ತೆ.”

“ಕದ್ದು, ತೊಳೆದಿಟ್ಟು ಹೋಗೋ ಕಳ್ಳನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ,” ಎಂದು ಮೀಸೆ ಗೊಣಗಿದ.

ಇನ್ಸ್‌ಪೆಕ್ಟರ್ ಕಿವಿ ನೆಟ್ಟಗಾಯಿತು. “ಬೀಗದ ಕೈ ಯಾರ್‍ಯಾರ ಹತ್ರ ಇದೆ?”

“ನನ್ನ ಹತ್ರ, ಇವಳ ಹತ್ರ, ಮತ್ತೆ ನಮ್ಮ ರಕ್ಷಣಾ ದೋಣಿ ಓಡಿಸೋನ ಹತ್ರ. ಕ್ಯಾಪ್ಟನ್ ಅಂತೀವಿ. ಇವತ್ತು ಹುಷಾರಿಲ್ಲ ಅಂತ ಫೋನ್ ಮಾಡಿದ್ದ.”

“ಇವತ್ತೇನಾದ್ರೂ ವಿಶೇಷ ಇತ್ತಾ?”

“ಮಧ್ಯಾಹ್ನ ಒಬ್ಬರು ತಜ್ಞರು ಬರೋರಿದ್ರು. ಗಾಯಗಳ ನಡುವಿನ ಅಂತರ ಅಳೆದು ಪ್ರೊಪೆಲ್ಲರ್ ಎಂಥದ್ದು ಅಂತ ಹೇಳ್ತಾರೆ. ಫೋಟೊದಲ್ಲಿ ಸರಿಯಾದ ಅಳತೆ ಸಿಗಲ್ಲ. ಆಮೇಲೆ ಬಂದರಿನ ಎಲ್ಲಾ ದೋಣಿ ಪರೀಕ್ಷೆ ಮಾಡಿಸೋಣ ಅಂತಿದ್ದೆ.”

“ನಿಮ್ಮ ದೋಣೀನೂ?”

ಡಾಕ್ಟರಮ್ಮ ಕ್ಯಾಪ್ಟನ್ ಮನೆಯ ವಿಳಾಸ ಬರೆದುಕೊಟ್ಟರು.

ಕ್ಯಾಪ್ಟನ್ ಮನೆ ಬಂದರಿನ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲು ತೆರೆದ ಹೆಂಡತಿ, “ಅವರಿಗೆ ಜ್ವರ, ಮಲಗಿದಾರೆ,” ಎನ್ನುವಷ್ಟರಲ್ಲಿ ಬಚ್ಚಲಮನೆಯಿಂದ ಯಾರೋ ದೊಡ್ಡದಾಗಿ ಉಸಿರುಬಿಟ್ಟ ಸದ್ದು ಬಂತು. ಮನುಷ್ಯರ ಉಸಿರಲ್ಲ ಅದು. ಆಕೆ ಅಳುತ್ತಾ ಪಕ್ಕಕ್ಕೆ ಸರಿದಳು.

ಬಚ್ಚಲಲ್ಲಿ ಒದ್ದೆ ಬೆಡ್‌ಶೀಟು ಹೊದ್ದ ಆಮೆ. ಪಕ್ಕದಲ್ಲೇ ನೆಲದ ಮೇಲೆ ಕ್ಯಾಪ್ಟನ್. ಕೈಯಲ್ಲಿ ನೀರಿನ ಚೆಂಬು.

“ಯಾಕಪ್ಪಾ?”

“ತಜ್ಞರು ಹೋದ್ಮೇಲೆ ವಾಪಸ್ ಬಿಡೋಣ ಅಂತಿದ್ದೆ ಸರ್.”

“ಇಂಜೆಕ್ಷನ್ನು?”

ಕ್ಯಾಪ್ಟನ್ ತಲೆ ತಗ್ಗಿಸಿದ. “ಅದು ತಲೆಗೇ ಹೊಳೀಲಿಲ್ಲ. ಬೆಳಗಿಂದ ಆಮೆ ಮಂಕಾಗ್ತಾ ಇದೆ. ನಾನೇ ಫೋನ್ ಮಾಡೋನಿದ್ದೆ, ಧೈರ್ಯ ಬರಲಿಲ್ಲ. ಮೊದಲು ಇದನ್ನ ಕರ್ಕೊಂಡು ಹೋಗಿ ಸರ್, ನನ್ನ ಆಮೇಲೆ ನೋಡ್ಕೊಳ್ಳಿ.”

ಹಾಗೆಯೇ ಮಾಡಿದರು. ಮಧ್ಯಾಹ್ನ ಇಂಜೆಕ್ಷನ್ ಆಯಿತು. ಸಂಜೆ ಆಮೆ ಮೀನಿನ ತುಂಡು ನುಂಗಿತೆಂದು ಡಾಕ್ಟರಮ್ಮನ ಫೋನು ಬಂದಾಗ ಮೀಸೆ ಠಾಣೆಯಲ್ಲಿದ್ದವರಿಗೆಲ್ಲ ತನ್ನ ದುಡ್ಡಲ್ಲಿ ಟೀ ತರಿಸಿದ. ಆರೋಪಿಗೂ ಒಂದು ಲೋಟ ಸಿಕ್ಕಿತು.

ಬಂಧನದ ನಂತರದ ಹೇಳಿಕೆಯಲ್ಲಿ ಕ್ಯಾಪ್ಟನ್ ಏನನ್ನೂ ಮುಚ್ಚಿಡಲಿಲ್ಲ. ಆಮೆಗೆ ದೋಣಿ ತಾಗಿಸಿದ ಮೀನುಗಾರರನ್ನೆಲ್ಲ ಅವನು ವರ್ಷಗಟ್ಟಲೆ ಬಂದರಿನಲ್ಲಿ ನಿಲ್ಲಿಸಿ, ಕಣ್ಣು ಕಾಣಲ್ವಾ ಎಂದು ಹೆಂಡತಿ ಮಕ್ಕಳ ಎದುರೇ ನೀರಿಳಿಸಿದ್ದ. ಅವರಿಗೆಲ್ಲ ಇನ್ನು ಯಾವ ಮುಖ ತೋರಿಸುವುದು? ಜೈಲಿನ ಹೆದರಿಕೆ ಅವನಿಗಿರಲಿಲ್ಲ. ಈ ಆಮೆಗೆ ಗಾಯವಾದ ದಿನ ದೂರದಲ್ಲಿ ಹರಿದ ಬಲೆಯಲ್ಲಿ ಇನ್ನೊಂದು ಆಮೆ ಸಿಕ್ಕಿ ಒದ್ದಾಡುತ್ತಿದೆಯೆಂದು ಸುದ್ದಿ ಬಂದಿತ್ತು. ಹೇಗಾದರೂ ಉಳಿಸಬೇಕೆಂದು ದೋಣಿಯನ್ನು ಇದ್ದಬದ್ದ ವೇಗದಲ್ಲಿ ಓಡಿಸಿದ. ದಾರಿಯಲ್ಲಿ ಇದು ಉಸಿರಿಗೆಂದು ಮೇಲೆ ಬಂದು ಅವನದೇ ಪ್ರೊಪೆಲ್ಲರಿಗೆ ಸಿಕ್ಕಿತು.

ಸಹಿ ಆಯಿತು. ಕೇಸಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ಇನ್ಸ್‌ಪೆಕ್ಟರ್ ತಡೆಯಲಾರದೆ ಕೇಳಿಯೇಬಿಟ್ಟರು.

“ಬಲೇಲಿ ಸಿಕ್ಕಿದ್ದ ಆ ಆಮೆ ಏನಾಯ್ತು?”

ಕ್ಯಾಪ್ಟನ್ ಖಾಲಿ ಟೀ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿದ.

“ಅದು ಆಮೆ ಅಲ್ಲ ಸರ್. ಬೋರಲಾಗಿ ತೇಲ್ತಿದ್ದ ಪ್ಲಾಸ್ಟಿಕ್ ಟಬ್ಬು.”