ಕೊಟ್ಟು ತಂದ ಸಂಬಂಧ

"ನೀವು ನಿಮ್ಮ ಪತಿಗೆ ಏನೇನು ಕೊಡುತ್ತೀರಿ, ಅವರಿಂದ ಏನೇನು ಪಡೆಯುತ್ತೀರಿ?"

ದಾಮೋದರ ಓದಿ ಮುಗಿಸುವ ಮೊದಲೇ, ಮೀನು ಒಣಹಾಕುತ್ತಿದ್ದ ಬಾಗಿ ಎದ್ದು ನಿಂತಳು. "ಹ್ವಾಯ್, ಗಂಡ ಹೆಂಡ್ತಿ ಸುದ್ದಿ ನಿಮ್ಗೆಂತಕ್ಕೆ?"

ಜೊತೆಗಿದ್ದ ಸರಸ ಟೀಚರ್ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಮೇಲೆ ತಾನೇ ಕೇಳಿದಳು. "ಬಾಗಿ, ನೀನ್ ಇಷ್ಟೆಲ್ಲ ದುಡಿತೆ. ನಿನ್ ಗಂಡನ ಕಣ್ಣಿಗೆ ಅದ್ ಕಾಂತಾ?"

ಬಾಗಿ ಮತ್ತೆ ಕೂತಳು. ಅರ್ಧ ಗಂಟೆ ಮಾತಾಡಿದಳು.

ಅದು ಎಪ್ಪತ್ತೊಂದರ ಜನವರಿ. ದಾಮೋದರ ಸೈಕಾಲಜಿಯ ಸಂಶೋಧನೆಗೆಂದು ಮೈಸೂರಿನಿಂದ ಉಪ್ಪುಂದಕ್ಕೆ ಬಂದಿದ್ದ. ಗಂಡ ಹೆಂಡತಿಯರ ನಡುವೆ ಕೊಡುವುದೂ ಪಡೆಯುವುದೂ ಸಮವಾಗಿದ್ದರೆ ಇಬ್ಬರೂ ಸುಖವಾಗಿರುತ್ತಾರೆಯೇ ಎಂಬುದು ಅವನ ವಿಷಯ. ಹೆಂಗಸರು ಅವನೆದುರು ಬಾಯಿ ಬಿಡದ್ದರಿಂದ ಊರ ಶಾಲೆಯ ಹೆಡ್‌ಮಾಸ್ಟರು ಸಂಜೆಯ ಹೊತ್ತು ಸರಸಳನ್ನು ಜೊತೆಗೆ ಕಳಿಸುತ್ತಿದ್ದರು.

"ನಿಮ್ಮ ಪ್ರಶ್ನೆ ನನ್ನದಕ್ಕಿಂತ ಚೆನ್ನಾಗಿದೆ" ಎಂದ ಅವನು, ದಾರಿಯಲ್ಲಿ.

"ಹಂಗಾರೆ ಡಾಕ್ಟರೇಟ್ ನಂಗೇ ಕೊಡೂಕೆ ಹೇಳಿ."

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆಯುತ್ತಿದ್ದಳು. ಗಾಳಿಗೆ ಹಾರಿದ ಕೂದಲು ತುಟಿಗೆ ಅಂಟಿದರೂ ಮಾತು ನಿಲ್ಲಿಸುತ್ತಿರಲಿಲ್ಲ. ಎರಡನೇ ವಾರಕ್ಕೆ ದಾಮೋದರ ಹತ್ತಿರದ ಮನೆಗಳನ್ನು ಬಿಟ್ಟು ದೂರದವನ್ನೇ ಆರಿಸತೊಡಗಿದ.

"ಈ ಓಣೀಲಿ ಹತ್ತ್ ಮನೆ ಬಿಟ್ರಿ" ಎಂದಳು ಅವಳು.

"ಮರೆತೆ."

"ನಿಮ್ಗೀಗ ಮರವು ಜಾಸ್ತಿ." ಓರೆಗಣ್ಣಿನ ಆ ನೋಟ ಅವನ ಮುಖದ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು. ಮೊದಲು ಕೆಂಪಾದದ್ದು ಅವಳ ಕಿವಿ.

ಕೆಲಸ ಮುಗಿಯಲು ಎರಡು ದಿನವಿದ್ದಾಗ ಅವನು ಕೇಳಿಯೇಬಿಟ್ಟ. "ನಿಮ್ಮ ಅಣ್ಣನ ಹತ್ತಿರ ಬಂದು ನಮ್ಮ ವಿಷಯ ಮಾತಾಡಲೇ?"

ಅವಳ ನಗು ಹಾಗೇ ಆರಿತು. ಕೈಯಲ್ಲಿದ್ದ ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಳ್ಳುತ್ತ ಹೇಳಿದಳು, "ನಾಳೆ ಬನ್ನಿ. ಮೊದ್ಲ್ ನಮ್ಮ ಅತ್ತಿಗೆ ಹತ್ರ ನಿಮ್ಮ ಪ್ರಶ್ನೆ ಕೇಣಿ. ಮತ್ತೆ ಬೇಕಾರೆ ಅಣ್ಣನ ಹತ್ರ ಮಾತಾಡಿ."

ಅತ್ತಿಗೆ ಗುಲಾಬಿ ಏಳು ತಿಂಗಳ ಬಸುರಿ. ಬೆಲ್ಲ ನೀರು ತಂದಿಟ್ಟು, ಉಸ್ಸೆಂದು ಗೋಡೆಗೊರಗಿ ಕೂತಳು.

"ನಂಗೆಂತ ಕಮ್ಮಿ ಇಲ್ಲೆ. ನನ್ನನ್ ಇಲ್ಲಿಗ್ ಕೊಟ್ರೆ ಸರಸನ್ನ ನನ್ನಣ್ಣ ಭೋಜರಾಜಂಗೆ ಕೊಡುದಂದ್ ನನ್ ಮದುವಿ ದಿನವೇ ಮಾತಾಯ್ತ್. ಅಣ್ಣ ಬೇಸಗೆಗೆ ಬೊಂಬಾಯಿಂದ ಬತ್ತ. ಸರಸ ಬಾರದಿರೆ ಅಪ್ಪನ ಮನಿಯರ್ ನನ್ನನ್ ವಾಪಾಸ್ ಕರ್ಕಂಡ್ ಹೋತ್ರಂಬ್ರ್." ಹೊಟ್ಟೆಯ ಮೇಲೆ ಕೈಯಿಟ್ಟು ಅವಳು ನಕ್ಕಳು. ಎಂದೂ ಆಗದ ಸಂಗತಿಯನ್ನು ಹೇಳಿ ನಗುವ ಹಾಗೆ.

ಬಾಗಿಲಲ್ಲಿ ನಿಂತಿದ್ದ ಸರಸ ತಲೆ ಎತ್ತಲಿಲ್ಲ. ದಾಮೋದರನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು.

ಅಷ್ಟರಲ್ಲಿ ಸರಸಳ ಅಣ್ಣ ಗುಣಪಾಲ ಗದ್ದೆಯಿಂದ ಬಂದ. "ನಿಮ್ಗೆ ನನ್ನತ್ರ ಎಂತದೋ ಮಾತಾಡೂಕಿತ್ತ್ ಅಂಬ್ರಲೆ?"

"ಏನಿಲ್ಲ. ನಿಮ್ಮ ತಂಗಿಯಿಂದ ತುಂಬಾ ಸಹಾಯವಾಯಿತು. ಹೇಳಿ ಹೋಗೋಣವೆಂದು ಬಂದೆ."

ಮರುದಿನ ಬೆಳಿಗ್ಗೆ ದಾಮೋದರ ಬಸ್ಸಿಗೆ ಕಾಯುತ್ತಿದ್ದಾಗ ಸರಸ ಶಾಲೆಗೆ ಹೊರಟವಳು ಅಲ್ಲಿ ನಿಂತಳು.

"ನೀವು ಇದಕ್ಕೆ ಒಪ್ಪಿದ್ದಿರಾ?" ಎಂದು ಕೇಳಿದ.

"ನನ್ನನ್ ಯಾರ್ ಕೇಂಡಿರ್?"

"ಇದು ನ್ಯಾಯವಲ್ಲ, ಸರಸ." ಟೀಚರ್ ಎನ್ನದೆ ಅವನು ಕರೆದದ್ದು ಅದೇ ಮೊದಲು.

"ನಾನ್ ನಿಮ್ಮ ಜೊತೆ ಬಂದ್ರೆ ಅತ್ತಿಗೆ ಮಗೀಗೆ ಅಪ್ಪ ಇರೂದಿಲ್ಲೆ. ಅದ್ ನ್ಯಾಯವಾ?"

ಕುಂದಾಪುರದ ಬಸ್ಸು ಬಂತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಮೆಲ್ಲಗೆ ಹೇಳಿದಳು, "ನೀವ್ ಕೇಂಡದ್ದಕ್ಕೆ ನಂಗೆ ಬೇಜಾರಿಲ್ಲೆ. ನೀವ್ ಕೇಣ್ಲಿ ಅಂದೇ ಕಾದಿದ್ದೆ."

ಒಳಗೆ ನಿಲ್ಲಲೂ ಜಾಗವಿರಲಿಲ್ಲ. ಜನರ ತಲೆಗಳ ನಡುವೆ ಬಗ್ಗಿ ನೋಡಿದ. ಸರಸ ಆಗಲೇ ಶಾಲೆಯ ದಾರಿ ಹಿಡಿದಿದ್ದಳು. ಒಮ್ಮೆ ನಿಂತಳು. ತಿರುಗಲಿಲ್ಲ.