ಹರಾಜಿನ ಮನೆಯ ಹಿತ್ತಲು

ಮಾರ್ಚ್ 12, ಬುಧವಾರ. ಬೆಳಿಗ್ಗೆ 9.20ಕ್ಕೆ ಸಿಂದಗಿ ಠಾಣೆಗೆ ಬಂದ ಸಂಜೀವಕುಮಾರ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳತೊಡಗಿದ. ಇಂಡಿ ಪಟ್ಟಣದ ಅಂಗಡಿಕಾರ. ಸಾಲ ತೀರದ್ದಕ್ಕೆ ಫೈನಾನ್ಸ್ ಕಂಪನಿ ಜಪ್ತಿ ಮಾಡಿದ್ದ ಸಿಂದಗಿಯ ಮನೆಯೊಂದನ್ನು ಹರಾಜಿನಲ್ಲಿ ಹಿಡಿದಿದ್ದ. ನಾಳೆ ಹಿತ್ತಲಲ್ಲಿ ಸಂಡಾಸದ ಗುಂಡಿ ತೋಡಿಸಬೇಕು ಎನ್ನುವಷ್ಟರಲ್ಲಿ, ನಸುಕಿನಲ್ಲಿ ಯಾರೋ ಗೋಡೆ ಹಾರಿ ನೆಲ ಅಗೆದಿದ್ದರು.

"ನಿಧಿ ತಗದಾರ್ರಿ. ಮನಿ ನಂದು ಅಂದಮ್ಯಾಲ ನೆಲದಾಗಿಂದೂ ನಂದ."

ನಿಧಿಯಾದರೆ ಸರ್ಕಾರದ್ದು ಎಂದು ಇನ್ಸ್‌ಪೆಕ್ಟರ್ ಧರ್ಮರಾಜ ನೆನಪಿಸಿದಾಗ ಅವನ ಉಮೇದು ಅರ್ಧಕ್ಕಿಳಿಯಿತು. ಆದರೂ ಎಫ್‌ಐಆರ್ ಆಗಲೇಬೇಕೆಂದು ಪಟ್ಟು ಹಿಡಿದ.

11 ಗಂಟೆಗೆ ಸ್ಥಳ ಪಂಚನಾಮೆ. ಗುಂಡಿ ಮೊಣಕಾಲುದ್ದವೂ ಇರಲಿಲ್ಲ. ಅಂಚಿನಲ್ಲಿ ಅರಿಷಿಣ, ಪಕ್ಕದಲ್ಲೊಂದು ಹಿತ್ತಾಳೆಯ ಒಳಲೆ. ಅದರ ತಳದಲ್ಲಿ ತುಸು ಹಾಲು, ತುಂಬ ಇರುವೆ. ಮಾಟದ ಸಾಮಾನೆಂದು ಪಂಚರು ಹಿಂದೆ ಸರಿದರು. ಕಾನ್‌ಸ್ಟೇಬಲ್ ಯಶೋಧಾ ಮಾತ್ರ ಗುಂಡಿಯ ಪಕ್ಕ ಕೂತುಬಿಟ್ಟಳು.

"ಈ ಒಳಲೆ ಕೂಸಿಗೆ ಹಾಲು ಕುಡಸೂದ್ರಿ ಸಾಹೇಬ್ರ. ಹಲ್ಲು ಮೂಡದ ಕೂಸು ಹೋದ್ರ ನಮ್ಮ ಮಂದ್ಯಾಗ ಹಿತ್ತಲದಾಗ ಮಣ್ಣು ಮಾಡ್ತಾರ."

ಅಳತೆಯ ಟೇಪು ಹಿಡಿದಿದ್ದ ಧರ್ಮರಾಜ ಅದನ್ನು ಮಡಚಿ ಜೇಬಿಗಿಟ್ಟ.

ಪಕ್ಕದ ಮನೆಯ ರುಕ್ಮವ್ವ ಮೊದಲು ಏನೂ ಗೊತ್ತಿಲ್ಲ ಎಂದಳು, ಆಮೇಲೆ ಯಶೋಧಾಳ ಮುಂದೆ ಅತ್ತುಬಿಟ್ಟಳು. ಮನೆ ಸುವರ್ಣಾ ಎಂಬವಳದು. ಗಂಡ ಮನೆ ಒತ್ತೆಯಿಟ್ಟು ಟೆಂಪೊ ತಂದ. ಅಪಘಾತದಲ್ಲಿ ಟೆಂಪೊವೂ ಹೋಯಿತು, ಅವನೂ ಹೋದ. ಈಗವಳು ಬಸವನ ಬಾಗೇವಾಡಿಯ ಹಾಸ್ಟೆಲ್ಲೊಂದರಲ್ಲಿ ಅಡುಗೆಯವಳು. ಗುಂಡಿ ತೋಡಿಸುವ ಸುದ್ದಿ ಮುಟ್ಟಿಸಿದ್ದು ರುಕ್ಮವ್ವನೇ.

ಮಧ್ಯಾಹ್ನ 3.40ಕ್ಕೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಸುವರ್ಣಾ ಸಿಕ್ಕಳು. ಒಲೆ ಆರಿಸಿ, ಕೈ ತೊಳೆದು ಬಂದಳು. ಯಾವುದನ್ನೂ ಅಲ್ಲಗಳೆಯಲಿಲ್ಲ.

"ಮನೆ ಕೊಂಡವರನ್ನ ಕೇಳಬೇಕಿತ್ತಲ್ಲ?" ಎಂದ ಧರ್ಮರಾಜ.

"ಇಂಡಿತನಕ ಎರಡು ಸಲ ಹೋಗಿದ್ನಿರಿ. ಮನಿ ತಿರುಗಿ ಬೇಡಾಕ ಬಂದಾಳಂತ ಅಂಗಡಿ ಮೆಟ್ಲಾ ಹತ್ತಗೊಡಲಿಲ್ಲ."

"ಗುಂಡ್ಯಾಗ ಏನ ಸಿಕ್ತು?" ಜೊತೆಗೆ ಬಂದಿದ್ದ ಯಶೋಧಾ ಕೇಳಿದಳು.

"ಹನ್ನೊಂದು ವರ್ಷ ಆತ್ರಿ. ಏನೂ ಉಳದಿದ್ದಿಲ್ಲ. ಮಣ್ಣ ತಂದೇನಿ."

ತನ್ನ ಟ್ರಂಕಿನಿಂದ ಕೂಸಿನ ತಲೆಗೆ ಕಟ್ಟುವ ಒಂದು ಹಳೆಯ ಕುಲಾವಿ ತೆಗೆದು ಕೊಟ್ಟಳು. ಅದರೊಳಗೆ ಎರಡು ಹಿಡಿ ಕರಿಮಣ್ಣು. ಬರುವ ರವಿವಾರ ಗಂಡನ ಸಮಾಧಿಯ ಪಕ್ಕ ಇಡಬೇಕೆಂದಿದ್ದಳು. ಸಂಡಾಸದ ಗುಂಡಿಯೊಳಗೆ ಮಗಳನ್ನು ಬಿಡಲಾರದೆ ಗೋಡೆ ಹಾರಿದ್ದಳು, ಅಷ್ಟೇ.

ಠಾಣೆಗೆ ಮರಳಿದ ಮೇಲೆ ಅತಿಕ್ರಮ ಪ್ರವೇಶ ಮತ್ತು ಕಳವು ಎಂದು ಬಂಧನ ದಾಖಲಾಯಿತು. ಕೋರ್ಟು ಹೇಳುವವರೆಗೆ ಕುಲಾವಿಯೂ ಮಣ್ಣೂ ಠಾಣೆಯ ವಶದಲ್ಲಿರಬೇಕಾದ ಮುದ್ದೆಮಾಲು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಧರ್ಮರಾಜ ತಾನೇ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ. ಮುದ್ದೆಮಾಲಿನ ಕೋಣೆಯ ಬಾಗಿಲು ತೆರೆದಾಗ ಸುವರ್ಣಾ ಒಳಗೆ ಇಣುಕಿದಳು. ಹಿಡಿದು ತಂದ ಸಾರಾಯಿ ಪೆಟ್ಟಿಗೆಗಳನ್ನು ಗೋಡೆಗುಂಟ ಪೇರಿಸಿಟ್ಟಿದ್ದರು.

"ಅವುಗಳ ಮಗ್ಗಲಾಗ ಇಡಬ್ಯಾಡ್ರಿ ಸಾಹೇಬ್ರ," ಎಂದಳು. "ಹೆಣ್ಣಕೂಸು ಐತಿ."